ಸೋಮವಾರದ ಕೆಂಪು ನೀರು

ಆ ದಿನ ನನ್ನ ಚೀಲದಲ್ಲಿದ್ದದ್ದು ಒಂದು ಡಬ್ಬಿ ಕೆಂಪು ಬಣ್ಣ ಮತ್ತು ಒಂದು ಕುಂಚ. ಕೈಪಂಪು ರಿಪೇರಿ ಮಾಡುವವನು ಪಾನಾ, ಕ್ಲ್ಯಾಂಪು, ವಾಷರ್ ಯಾವುದೂ ಇಲ್ಲದೆ ಊರಿಗೆ ಹೋಗುವುದುಂಟೆ? ಆದರೆ ಒಪ್ಪಿಸಿದ ಕೆಲಸಕ್ಕೆ ಅಷ್ಟೇ ಸಾಕಿತ್ತು. ಮುತ್ತಿನಕೊಪ್ಪದಲ್ಲಿ ಬಸ್ಸಿಳಿದು ಎರಡು ಮೈಲಿ ಒಳಗೆ ನಡೆದರೆ ಒಂದು ಪ್ರಾಥಮಿಕ ಶಾಲೆ. ಅಲ್ಲಿನ ಕೈಪಂಪಿನ ಮೇಲೆ ‘ಕುಡಿಯಲು ಯೋಗ್ಯವಲ್ಲ’ ಎಂದು ಬರೆದು, ಹಿಡಿಕೆ ಕಳಚಿಕೊಂಡು ಬಾ ಎಂದು ನಮ್ಮ ಇಂಜಿನಿಯರ್ ಹೇಳಿ ಕಳಿಸಿದ್ದರು.

ನಾನಾಗ ಎನ್.ಆರ್. ಪುರ ತಾಲೂಕಿನ ಕೈಪಂಪು ಮೆಕ್ಯಾನಿಕ್. ಶಾಲೆಗಳಲ್ಲಿ ಬಿಸಿಯೂಟ ಶುರುವಾಗಿ ಒಂದೆರಡು ವರ್ಷವಾಗಿತ್ತು. ಮಧ್ಯಾಹ್ನದ ಅನ್ನಕ್ಕೆ ನೀರು ಬೇಕು, ಅನ್ನ ಉಂಡ ಮಕ್ಕಳಿಗೂ ನೀರು ಬೇಕು. ಹಾಗಾಗಿ ಶಾಲೆಗಳಿಂದ ಬರುವ ದೂರುಗಳು ಹೆಚ್ಚಿದ್ದವು. ಈ ಶಾಲೆಗೆ ಒಂದೇ ವರ್ಷದಲ್ಲಿ ನಾನು ಮೂರು ಸಲ ಹೋಗಿದ್ದೆ. ಪ್ರತಿ ಸಲವೂ ಒಂದೇ ದೂರು, ನೀರು ಕೆಂಪಗೆ ಬರುತ್ತದೆ. ಪ್ರತಿ ಸಲವೂ ನಾನು ವಾಷರ್ ಬದಲಿಸಿ, ಹಿಡಿಕೆಯ ಚೈನಿಗೆ ಗ್ರೀಸ್ ಬಳಿದು, ಒಂದು ತಾಸು ಪಂಪು ಹೊಡೆದು, ನೀರು ತಿಳಿಯಾದ ಮೇಲೆ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಬರುತ್ತಿದ್ದೆ. ವಾರ ಕಳೆಯುವುದರೊಳಗೆ ಮತ್ತೆ ಅದೇ ದೂರು. ಕೊನೆಗೆ ಬಾಟಲಿಯಲ್ಲಿ ನೀರು ತುಂಬಿ ಜಿಲ್ಲೆಯ ಪ್ರಯೋಗಾಲಯಕ್ಕೆ ಕಳಿಸಿದರು. ಕಬ್ಬಿಣದ ಅಂಶ ಮಿತಿ ಮೀರಿದೆ ಎಂದು ವರದಿ ಬಂತು. ಅದರ ಫಲವೇ ನನ್ನ ಚೀಲದ ಬಣ್ಣ.

ದಸರಾ ರಜೆ ಮುಗಿದು ಶಾಲೆ ತೆರೆದ ಮೊದಲ ಸೋಮವಾರ. ಮುಖ್ಯೋಪಾಧ್ಯಾಯಿನಿ ಜಗಲಿಯಲ್ಲಿ ನಿಂತು ಹಾಜರಿ ಪುಸ್ತಕ ನೋಡುತ್ತಿದ್ದರು. ನನ್ನ ಕೈಯ ಡಬ್ಬಿ ಕಂಡದ್ದೇ ಪುಸ್ತಕ ಮುಚ್ಚಿದರು.

“ಬಣ್ಣ ಎಂತಕ್ಕೆ ಮಾರಾಯ್ರೆ?”

ಹೇಳಿದೆ. ಅವರು ಕೂಗಾಡಲಿಲ್ಲ. ಪಂಪಿನ ಕಡೆ ಒಮ್ಮೆ ನೋಡಿದರು.

“ಬರೆದು ಹೋಗ್ತೀರಿ, ಸರಿ. ಆಮೇಲೆ ಮಕ್ಕಳು ಎಲ್ಲಿ ಕುಡೀಬೇಕು?”

“ಎದುರು ಮನೆ ಬಾವಿ ಇದ್ಯಲ ಟೀಚರ್?”

ಎದುರು ಮನೆ ಶಾಲಾ ಸಮಿತಿಯ ಅಧ್ಯಕ್ಷರದ್ದು. ಅಡಿಕೆ, ಕಾಫಿ ಎರಡೂ ಇದ್ದ ಮನೆ. ಆ ಮನೆಯ ಹೆಂಗಸರು ನೀರು ಕೇಳಿ ಹೋದ ಮಗುವಿಗೆ ಇಲ್ಲ ಎಂದವರಲ್ಲ. ಕೆಲವು ಸಲ ಮಜ್ಜಿಗೆಯನ್ನೂ ಕೊಡುತ್ತಿದ್ದರಂತೆ.

“ಹೋಗೋ ಮಕ್ಕಳು ಹೋಗ್ತಾವೆ,” ಎಂದರು ಟೀಚರ್. “ಅರ್ಧಕ್ಕರ್ಧ ಮಕ್ಕಳು ಹೋಗೋದೇ ಇಲ್ಲ. ಬೆಳಿಗ್ಗೆ ಮನೆಯಿಂದ ಕುಡಿದು ಬಂದದ್ದು, ಮತ್ತೆ ಸಂಜೆ ಮನೆಗೆ ಹೋಗಿಯೇ. ಊಟ ಮಾಡಿ ಕೈ ತೊಳೀತಾವೆ, ಆ ನೀರು ಬಾಯಿಗೆ ಹಾಕೂದಿಲ್ಲ. ಹೋದ ತಿಂಗ್ಳು ಪ್ರಾರ್ಥನೆಗೆ ನಿಂತಲ್ಲೇ ಒಂದು ಹುಡುಗಿ ಕುಸಿದು ಬಿದ್ಳು.”

ಅರ್ಧದಷ್ಟು ಮಕ್ಕಳು ಆ ಅಂಗಳಕ್ಕೆ ಯಾಕೆ ಹೋಗುವುದಿಲ್ಲ ಎಂದು ನಾನು ಕೇಳಲಿಲ್ಲ. ನನ್ನಮ್ಮನೂ ತೋಟದ ಕೂಲಿಗೆ ಹೋಗುತ್ತಿದ್ದವಳೇ. ದೊಡ್ಡ ಮನೆಗಳ ಅಂಗಳದಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿಂದ ಆಚೆ ಹೋಗಬಾರದು ಎಂಬುದು ನನಗೆ ಮಗ್ಗಿಗಿಂತ ಮೊದಲೇ ಬಾಯಿಪಾಠವಾಗಿತ್ತು. ಯಾರೂ ಬೈಯುವುದಿಲ್ಲ, ಆದರೂ ಕಾಲು ಮುಂದೆ ಹೋಗುವುದಿಲ್ಲ. ಶಾಲೆಯ ಅಂಗಳದ ಪಂಪಿಗೆ ಆ ತೊಂದರೆ ಇಲ್ಲ. ಅಲ್ಲಿ ಯಾರೂ ಯಾರನ್ನೂ ಕೇಳಬೇಕಾಗಿಲ್ಲ.

ಇದೆಲ್ಲ ಸರಿಯೇ, ಆದರೆ ವರದಿ ನನ್ನ ಜೇಬಿನಲ್ಲಿತ್ತು. ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಚಾ ಕುಡಿದುಕೊಳ್ಳಿ ಎಂದು ಅಡುಗೆಯಾಕೆ ಲೋಟ ತಂದುಕೊಟ್ಟಳು. ಚಾ ಶಾಯಿಯಂತೆ ಕಪ್ಪಗಿತ್ತು. ನನ್ನ ಮುಖ ನೋಡಿ ಆಕೆಗೇ ನಾಚಿಕೆಯಾಯಿತು.

“ಎಂತ ಮಾಡೂದು, ಸೋಮಾರದ ನೀರು ಹಿಂಗೇ. ಸೋಮಾರ ಚಾನೂ ಕರಿ, ಅನ್ನಾನೂ ಕೆಂಪು. ಬುಧಾರ ಬಂದಿದ್ರೆ ಒಳ್ಳೆ ಚಾ ಕೊಡ್ತಿದ್ದೆ.”

“ಬುಧವಾರ ಇರೂದಿಲ್ವಾ?”

“ಇರ್ತದೆ, ಇಷ್ಟಿಲ್ಲ. ಶನಿವಾರಕ್ಕೆ ಸುಮಾರು ಕಮ್ಮಿ. ಇವತ್ತಂತೂ ರಜೆ ಮುಗ್ಸಿ ಬಂದದ್ದಲ್ವಾ, ನೋಡೂಕಾಗೂದಿಲ್ಲ.”

ಲೋಟ ಕೆಳಗಿಟ್ಟೆ. ಹದಿನಾರು ವರ್ಷ ಪಂಪು ಬಿಚ್ಚಿ ಜೋಡಿಸಿದವನಿಗೆ ಹೊಳೆಯದ್ದು ದಿನವೂ ಅಕ್ಕಿ ತೊಳೆಯುವವಳಿಗೆ ಗೊತ್ತಿತ್ತು. ನೆಲದೊಳಗಿನ ಕಬ್ಬಿಣವಾದರೆ ಎಲ್ಲ ದಿನವೂ ಒಂದೇ ಸಮ ಬರಬೇಕು. ಭೂಮಿಗೆ ಭಾನುವಾರದ ರಜೆ ಎಲ್ಲಿಂದ ಬರಬೇಕು? ಪಂಪು ನಿಂತಿದ್ದಾಗ ಹೆಚ್ಚಿ, ಹೊಡೆದಷ್ಟೂ ಕಡಿಮೆಯಾಗುವುದಾದರೆ ಕೆಂಪು ಹುಟ್ಟುವುದು ನಾವು ಇಳಿಸಿದ ಪೈಪಿನಲ್ಲೇ.

ಬಣ್ಣದ ಡಬ್ಬಿಯನ್ನು ಶಾಲೆಯ ಕಪಾಟಿನಲ್ಲಿಟ್ಟು ಬಂದೆ. ಒಂದು ವಾರ ತಡೆಯಿರಿ ಎಂದು ಟೀಚರಿಗೆ ಹೇಳಿದೆ.

ಮುಂದಿನ ಸೋಮವಾರ ಪ್ರಾರ್ಥನೆಗಿಂತ ಮೊದಲೇ ಹೋದೆ. ಜೊತೆಗೆ ನನ್ನ ಸಹಾಯಕ. ನನಗಿಂತ ಎಂಟು ವರ್ಷ ಹಿರಿಯ, ಮಾತು ಕಡಿಮೆ, ತೋಳಿನಲ್ಲಿ ಬಲ ಜಾಸ್ತಿ. ಬಿಸಿಯೂಟದ ಹತ್ತು ಸ್ಟೀಲ್ ಲೋಟಗಳನ್ನು ಜಗಲಿಯ ಅಂಚಿನಲ್ಲಿ ಸಾಲಾಗಿ ಇಟ್ಟೆವು. ಮೊದಲ ಹೊಡೆತದ ನೀರು ಒಂದನೆಯ ಲೋಟಕ್ಕೆ. ಆಮೇಲೆ ನೂರು ಹೊಡೆತಕ್ಕೊಂದು ಲೋಟ. ಟೀಚರ್ ಆರನೆಯ ತರಗತಿಯವರನ್ನು ಎಣಿಸಲು ನಿಲ್ಲಿಸಿದರು. ಸಹಾಯಕ ಹೊಡೆದ, ನಾನು ಹೊಡೆದೆ, ಮತ್ತೆ ಅವನು ಹೊಡೆದ. ಒಂಬೈನೂರು ಮುಗಿಯುವಾಗ ಮಕ್ಕಳ ಗಂಟಲೂ ಒಣಗಿತ್ತು, ನಮ್ಮ ಭುಜವೂ ಬಿದ್ದಿತ್ತು.

ಕಣ್ಣಿಗೆ ಮೊದಲ ಎರಡು ಲೋಟ ಮಾತ್ರ ಕೆಂಪಗೆ ಕಂಡವು. ಆದರೆ ಕಣ್ಣನ್ನು ನಂಬುವ ಹಾಗಿಲ್ಲ. ಅಡುಗೆಯಾಕೆಗೆ ಹಾಲು ಹಾಕದ ಗಟ್ಟಿ ಚಾ ಕಾಸಲು ಹೇಳಿ, ಒಂದೊಂದು ಲೋಟಕ್ಕೂ ಎರಡೆರಡು ಚಮಚ ಬಿಟ್ಟೆ. ಕಬ್ಬಿಣ ಇದ್ದಲ್ಲಿ ಚಾ ಕಪ್ಪಾಗುತ್ತದೆ. ಒಂದು, ಎರಡು, ಮೂರನೆಯ ಲೋಟ ಶಾಯಿಯಾದವು. ಐದನೆಯದು ಕೊಳೆತ ಎಲೆಯ ಬಣ್ಣ. ಎಂಟರಿಂದಾಚೆ ಸಾಮಾನ್ಯ ಚಾ, ಹೊಂಬಣ್ಣದ್ದು. ಮಕ್ಕಳು ಸಾಲುಗಟ್ಟಿ ಬಗ್ಗಿ ಬಗ್ಗಿ ನೋಡಿದರು.

ಮಧ್ಯಾಹ್ನ ಪಂಪಿನ ತಲೆ ಇಳಿಸಿ ಪೈಪು ಎಳೆದೆವು. ಹತ್ತು ಪೈಪು, ಒಂದೊಂದೂ ಹತ್ತಡಿ. ಮೇಲಿನ ಎರಡು ಪರವಾಗಿರಲಿಲ್ಲ. ಕೆಳಗೆ ಹೋದ ಹಾಗೆ ಸತುವಿನ ಹೊಳಪು ಪೂರ್ತಿ ಹೋಗಿ, ಮೈಯೆಲ್ಲ ಸಿಡುಬಿನ ಕಲೆಯಂತೆ ಗುಳಿ. ಏಳನೆಯ ಪೈಪಿನೊಳಗೆ ಬೆರಳಾಡಿಸಿದರೆ ತುಕ್ಕು ಪದರ ಪದರವಾಗಿ ಕಳಚಿ ಬಂತು. ಪರೀಕ್ಷೆ ಪೆಟ್ಟಿಗೆಯ ಕಾಗದ ಅದ್ದಿ ನೋಡಿದೆ. ನೀರಿಗೆ ಹುಳಿ ಗುಣವಿತ್ತು. ನಮ್ಮ ಕೆಂಪುಮಣ್ಣಿನ ಕಡೆ ಅದು ಹೊಸದಲ್ಲ. ಕುಡಿಯುವವರಿಗೆ ಅದರಿಂದ ತೊಂದರೆಯಿಲ್ಲ. ಕಬ್ಬಿಣಕ್ಕೆ ಮಾತ್ರ ಆಗಿಬರುವುದಿಲ್ಲ.

ಸಹಾಯಕ ತುಕ್ಕಿನ ಚೂರನ್ನು ಅಂಗೈಯಲ್ಲಿ ಉಜ್ಜಿದ. “ನೀರು ಕೆಟ್ಟದ್ದಲ್ಲ ಮಾರಾಯ. ನಾವು ಇಳ್ಸಿದ್ದು ಕೆಟ್ಟದ್ದು.”

ಇಂಜಿನಿಯರ್ ಬಯಲುಸೀಮೆಯವರು, ಬಂದು ವರ್ಷವಾಗಿರಲಿಲ್ಲ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ತುಕ್ಕಿನ ಚೂರು, ಹತ್ತು ಲೋಟದ ಲೆಕ್ಕ ಎರಡನ್ನೂ ಮೇಜಿನ ಮೇಲಿಟ್ಟೆ. ಗಮನವಿಟ್ಟು ಕೇಳಿದರು.

“ಸರಿ, ಬಣ್ಣ ಬೇಡ. ಹೊಸ ಪೈಪ್ ಕೊಡಿಸ್ತೀನಿ, ಹಾಕಿ.”

“ಸರ್, ಹೊಸದೂ ಕಬ್ಬಿಣದ್ದೇ. ಒಂದೂವರೆ ವರ್ಷ ಚೆನ್ನಾಗಿರ್ತದೆ, ಆಮೇಲೆ ಮತ್ತೆ ಇದೇ ಕಥೆ. ಪ್ಲಾಸ್ಟಿಕ್ ಪೈಪು ಇಳಿಸಿದ್ರೆ?”

“ಕೈಪಂಪಿಗೆ ಪ್ಲಾಸ್ಟಿಕ್ ನಮ್ಮ ಸಾಮಾನು ಪಟ್ಟಿಯಲ್ಲಿಲ್ಲ ಕಣ್ರೀ. ಇಲ್ಲದ್ದನ್ನ ನಾನೆಲ್ಲಿಂದ ಕೊಡಲಿ?”

ಹೊಸ ಪೈಪುಗಳನ್ನು ಗಾಡಿಯಲ್ಲಿ ಹೇರಿಕೊಂಡು ಶಾಲೆಗೆ ಬಂದು ಜಗಲಿಯ ಪಕ್ಕ ಇಳಿಸಿದೆ. ಅಧ್ಯಕ್ಷರು ಎದುರು ಮನೆಯಿಂದ ಬಂದು ನೋಡುತ್ತಾ ನಿಂತಿದ್ದರು. ವಿಷಯ ತಿಳಿದ ಮೇಲೆ ಅವರು ಹೇಳಿದ ಒಂದು ಮಾತು ನನ್ನನ್ನು ಅಡ್ಡದಾರಿಗೆ ಎಳೆಯಿತು.

“ನಮ್ಮನೆ ಬೋರಿಗೆ ಮೋಟರ್ ಇಳ್ಸಿದಾಗ ತಂದ ಪ್ಲಾಸ್ಟಿಕ್ ಪೈಪು ಅಟ್ಟದ ಮೇಲೆ ಉಳ್ಕೊಂಡಿದೆ. ದಪ್ಪದ್ದು, ಥ್ರೆಡ್ ಇರೋದು. ಶಾಲೆಗೆ ಆಗ್ತದೆ ಅಂದ್ರೆ ತಗೊಂಡು ಹೋಗಿ.”

ಹೋಗಿ ನೋಡಿದೆ. ಗಟ್ಟಿ ಪೈಪು, ಅಗಲವೂ ಸರಿಯಾಗಿತ್ತು. ಆದರೆ ತಿರುಗಿಸಿ ಕೂರಿಸುವ ಅದರ ಥ್ರೆಡ್ಡೇ ಬೇರೆ, ನಮ್ಮ ಪಂಪಿನದೇ ಬೇರೆ. ಮೇಲೆ ಪಂಪಿನ ತಲೆಗೂ ಕೆಳಗೆ ನೀರೆಳೆಯುವ ಸಿಲಿಂಡರಿಗೂ ಜೋಡಿಸಲು ಎರಡು ಕಡೆ ಎರಡು ಬಗೆಯ ಥ್ರೆಡ್ ಇರುವ ತುಂಡುಗಳು ಬೇಕು. ಕೊಪ್ಪದಲ್ಲಿ ಒಂದು ಲೇತ್ ಅಂಗಡಿಯಿತ್ತು. ಒಂದು ಹಳೆ ಜೋಡಣೆ ತುಂಡನ್ನು ಮಾದರಿಗೆ ಕೊಟ್ಟು, ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಎರಡು ಮಾಡಿಸಿದೆ. ಹಿಡಿಕೆಯಿಂದ ಸಿಲಿಂಡರಿಗೆ ಇಳಿಯುವ ಒಳಗಿನ ಕಂಬಿಗಳನ್ನೂ ಅದರಲ್ಲೇ ಮಾಡಿಸಿದೆ. ಸಿಲಿಂಡರಿನ ಹೊರಮೈ ಉಜ್ಜಿ ತುಕ್ಕು ತಡೆಯುವ ಎಪಾಕ್ಸಿ ಬಣ್ಣ ಬಳಿದೆ. ಇಂಜಿನಿಯರಿಗೆ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾರೆ, ಮಾಡಿ ತೋರಿಸಿದರೆ ಬೇಡ ಎನ್ನಲಾರರು ಎಂದು ನನ್ನ ಎಣಿಕೆ.

ಪೈಪು ಇಳಿಸಿದ ದಿನದಿಂದ ನೀರು ತಿಳಿಯಾಯಿತು. ಒಂಬತ್ತು ದಿನ ಹಾಗೇ ಇತ್ತು. ನಡುವೆ ಒಂದು ಸೋಮವಾರವೂ ಕಳೆಯಿತು. ಮೊದಲ ಹತ್ತಿಪ್ಪತ್ತು ಹೊಡೆತ ಗಿಡಕ್ಕೆ ಬಿಟ್ಟರೆ ಸಾಕು ಎಂದು ಟೀಚರ್ ಸಂತೋಷದಿಂದ ಹೇಳಿ ಕಳಿಸಿದ್ದರು. ನಾನು ಆಫೀಸಿನಲ್ಲಿ ಏನೂ ಅರಿಯದವನಂತೆ ಓಡಾಡುತ್ತಿದ್ದೆ, ಒಳಗೊಳಗೇ ಉಬ್ಬುತ್ತಿದ್ದೆ.

ಹತ್ತನೆಯ ದಿನ ಆಫೀಸಿನ ಫೋನಿಗೆ ಟೀಚರ್ ಕರೆ ಮಾಡಿದರು. “ಬೇಗ ಬನ್ನಿ. ಪಂಪು ಮುರೀತು. ಮಗುಗೆ ಪೆಟ್ಟಾಗಿದೆ.”

ಮೂರನೆಯ ತರಗತಿಯ ಹುಡುಗಿ. ಹಿಡಿಕೆಯನ್ನು ಕೆಳಕ್ಕೆ ಒತ್ತುತ್ತಿದ್ದಾಗ ನೆಲದೊಳಗೆ ಏನೋ ಕಡಿದ ಸದ್ದಾಗಿ ಹಿಡಿಕೆ ರಪ್ಪನೆ ಮೇಲಕ್ಕೆ ಹಾರಿ ಗಲ್ಲಕ್ಕೆ ಬಡಿದಿತ್ತು. ತುಟಿ ಒಡೆದು ರಕ್ತ. ನಾನು ಮುಟ್ಟುವಷ್ಟರಲ್ಲಿ ಅಧ್ಯಕ್ಷರು ತಮ್ಮ ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ವಾಪಸ್ ಕರೆತಂದಿದ್ದರು. ಎರಡು ಹೊಲಿಗೆ. ಮಗು ಅಮ್ಮನ ಮಡಿಲಲ್ಲಿ ಊದಿದ ತುಟಿಯೊಂದಿಗೆ ನನ್ನನ್ನೇ ನೋಡುತ್ತಿತ್ತು. ಅಮ್ಮ ತೋಟದ ಕೆಲಸದಿಂದ ನೇರ ಓಡಿ ಬಂದವಳು, ಸೊಂಟದಲ್ಲಿ ಕತ್ತಿ ಹಾಗೇ ಇತ್ತು.

“ಇದನ್ನ ಹಾಕಿದ್ದು ನೀವಾ?”

“ಹೌದಮ್ಮ.”

“ಇನ್ನು ಮುರಿಯೂದಿಲ್ಲ ಅಂತ ಹೇಳ್ತ್ರಾ?”

ನಾನು ಪಂಪಿನ ಕಡೆ ನೋಡಿದೆ. ಅವಳು ಎದ್ದಳು. ಮಗುವನ್ನು ಎತ್ತಿಕೊಂಡು ಹೋದಳು.

ತಲೆ ಬಿಚ್ಚಿ ನೋಡಿದೆವು. ಮೇಲಿನ ಜೋಡಣೆ ತುಂಡಿನ ಹಿಡಿತ ತಪ್ಪಿ ಪೈಪು ಕಳಚಿಕೊಂಡಿತ್ತು. ಇಡೀ ಸಾಲು ಒಂದಡಿ ಜಾರಿ, ಒಳಗಿನ ಕಂಬಿಯ ತುದಿಗೆ ಸಿಕ್ಕಿ ನೇತಾಡುತ್ತಿತ್ತು. ಕಂಬಿಯನ್ನು ಕೆಳಕ್ಕೆಳೆದ ಆ ಭಾರವೇ ಹಿಡಿಕೆಯನ್ನು ಮೇಲಕ್ಕೆಸೆದದ್ದು. ಲೇತಿನವರ ತಪ್ಪಿಲ್ಲ. ನಾನು ಮಾದರಿಗೆ ಕೊಟ್ಟಿದ್ದ ಹಳೆ ತುಂಡೇ ಸವೆದು ಗಿಡ್ಡವಾಗಿತ್ತು. ಅವರು ಅದರಂತೆಯೇ ಕೊರೆದಿದ್ದರು. ಪೈಪಿನೊಳಗೆ ಹೋಗಬೇಕಾದ ಥ್ರೆಡ್ಡಿನಲ್ಲಿ ಅರ್ಧವೇ ಹೋಗಿತ್ತು. ಅಳತೆ ಪಟ್ಟಿ ಜೇಬಿನಲ್ಲೇ ಇದ್ದರೂ ನಾನು ಅಳೆದಿರಲಿಲ್ಲ.

ಟೀಚರ್ ನನ್ನ ಪಕ್ಕ ಬಂದು ನಿಂತರು. “ಆಫೀಸಿಂದ ತಂದ ಪೈಪು ಜಗಲಿ ಹತ್ರ ಹಾಗೇ ಇದೆಯಲ. ಅದನ್ನೇ ಇಳ್ಸಿ ಬಿಡಿ. ಪ್ಲಾಸ್ಟಿಕ್ ಹಾಕಿದ್ದು ಯಾರಿಗೂ ಗೊತ್ತಾಗೂದು ಬೇಡ. ನಿಮ್ಮ ಕೆಲಸ ಹೋದ್ರೆ ಮನೇಲಿ ಎಂತ ಮಾಡ್ತೀರಿ?”

ಅವರು ಒಳ್ಳೆಯದಕ್ಕೇ ಹೇಳಿದ್ದರು. ನನ್ನ ಕೆಲಸ ಕಾಯಂ ಕೂಡ ಆಗಿರಲಿಲ್ಲ. ಸಂಜೆಯೊಳಗೆ ಕಬ್ಬಿಣದ ಪೈಪು ಇಳಿಸಿದರೆ ಮುಗಿಯಿತು. ಪಟ್ಟಿಯಲ್ಲಿರುವುದೇ ಪಂಪಿನಲ್ಲೂ ಇರುತ್ತದೆ, ನೀರೂ ಒಂದೂವರೆ ವರ್ಷ ಚೆನ್ನಾಗಿ ಬರುತ್ತದೆ. ಸಹಾಯಕ ನನ್ನ ಮುಖ ನೋಡುತ್ತಾ ಮೊದಲ ಪೈಪಿನ ಹತ್ತಿರ ಕುಳಿತಿದ್ದ. ನಾನು ಒಂದು ಬೀಡಿ ಹಚ್ಚಿದೆ, ಎರಡು ಸಲ ಎಳೆದು ಆರಿಸಿದೆ. ಮುಚ್ಚಿಟ್ಟರೆ ಈ ಪ್ಲಾಸ್ಟಿಕ್ ಪೈಪಿನ ವಿಷಯವೂ ಇಲ್ಲಿಗೇ ಮುಗಿಯುತ್ತದೆ. ಆಮೇಲೆ ಯಾರ ಮುಂದೆಯೂ ಅದನ್ನು ಎತ್ತುವ ಬಾಯಿ ನನಗಿರುವುದಿಲ್ಲ. ಒಂದೂವರೆ ವರ್ಷ ಕಳೆದ ಮೇಲೆ ನಾನೇ ಇಲ್ಲಿಗೆ ಬಣ್ಣದ ಡಬ್ಬಿ ಹಿಡಿದು ಬರಬೇಕು. ಅದಕ್ಕಿಂತ ಹೆಚ್ಚಾಗಿ, ಆ ತಾಯಿಯ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ.

ಪುಸ್ತಕ ತೆಗೆದು ಏನೇನು ಮಾಡಿದೆ, ಯಾರ ಅನುಮತಿ ಇಲ್ಲದೆ ಮಾಡಿದೆ, ಏನು ಮುರಿಯಿತು, ಯಾರಿಗೆ ಪೆಟ್ಟಾಯಿತು ಎಲ್ಲ ಬರೆದು ಸಹಿ ಹಾಕಿದೆ. ಕಳಚಿದ ಜೋಡಣೆ ತುಂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಾಲ್ಕು ಗಂಟೆಯ ಬಸ್ಸು ಹಿಡಿದೆ.

ಇಂಜಿನಿಯರ್ ಮೊದಲು ಪುಸ್ತಕ ಓದಿದರು. ಆಮೇಲೆ ತುಂಡನ್ನು ಕೈಗೆತ್ತಿಕೊಂಡರು. ಥ್ರೆಡ್ಡಿನ ಮೇಲೆ ಉಗುರು ಎಳೆದು ನೋಡಿದರು.

“ಮಗು ಹೇಗಿದೆ?”

“ಎರಡು ಹೊಲಿಗೆ ಸರ್. ಹಲ್ಲಿಗೇನೂ ಆಗಿಲ್ಲ.”

“ಮೊದಲೇ ನನ್ನ ಕೇಳಿದ್ರೆ ಏನಂತಿದ್ದೆ ಹೇಳಿ?”

“ಬೇಡ ಅಂತಿದ್ರಿ.”

“ಹೌದು, ಬೇಡ ಅಂತಿದ್ದೆ. ಆದ್ರೆ ಅದಕ್ಕೆ ಮುಂಚೆ ಥ್ರೆಡ್ ಎಷ್ಟು ಉದ್ದ ಅಂತ ಕೇಳ್ತಿದ್ದೆ. ಆಗ ನೀವು ಅಳೀತಿದ್ರಿ.”

ಆ ಮಾತು ನನಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಇಲ್ಲಿಯವರೆಗೆ ನಾನು ಅವರನ್ನು ಬೇಡ ಎನ್ನುವ ಮನುಷ್ಯ ಎಂದಷ್ಟೇ ತಿಳಿದಿದ್ದೆ. ಅವರು ಕಾರಣ ಕೇಳಿ ನೋಟೀಸ್ ಬರೆದು ನನ್ನ ಕೈಗೆ ಕೊಟ್ಟರು. ಸಹಿ ಹಾಕಿ ತೆಗೆದುಕೊಂಡೆ. ಎದ್ದು ಹೊರಡುವಾಗ, “ಎಲ್ಲಿಗೆ? ಕೂತ್ಕೊಳ್ಳಿ,” ಎಂದು ಒಂದು ಬಿಳಿ ಹಾಳೆ ಎಳೆದುಕೊಂಡರು. “ಆ ಹತ್ತು ಲೋಟದ ಲೆಕ್ಕ ಇನ್ನೊಂದು ಸಲ ಹೇಳಿ. ಆಮೇಲೆ ಈ ತುಂಡು ಬರೆಯೋಣ.”

ಎರಡು ದಿನ ಬಿಟ್ಟು ಅವರೇ ಶಾಲೆಗೆ ಬಂದರು. ಪೈಪು ಎಳೆಯುವಾಗ ಅಂಗಿಯ ತೋಳು ಮಡಚಿ ಕ್ಲ್ಯಾಂಪು ಹಿಡಿದರು. ಸಹಾಯಕ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ಹೊಸ ತುಂಡಿನ ಥ್ರೆಡ್ ಮೊದಲಿನದಕ್ಕಿಂತ ಎರಡರಷ್ಟು ಉದ್ದ, ಗೋಡೆಯೂ ದಪ್ಪ. ಜೊತೆಗೆ ಸಿಲಿಂಡರಿನಿಂದ ಮೇಲಿನವರೆಗೆ ಪೈಪಿನ ಹೊರಗೆ ಒಂದು ಸ್ಟೀಲ್ ತಂತಿಹಗ್ಗ. ಎಲ್ಲಿ ಕಳಚಿದರೂ ಪೈಪು ಜಾರಬಾರದು, ಹಗ್ಗದಲ್ಲೇ ನಿಲ್ಲಬೇಕು. ಅದು ಅವರ ಯೋಚನೆ. ಬಣ್ಣ ಬಳಿದ ತಂತಿಯಾದರೆ ಆರು ತಿಂಗಳಲ್ಲಿ ತುಕ್ಕು ಹಿಡಿಯುತ್ತದೆ, ಇದೂ ಸ್ಟೇನ್‌ಲೆಸ್ಸೇ ಆಗಬೇಕು ಎಂದದ್ದು ನಾನು. ಮೇಲಿನವರಿಗೆ ಅವರು ‘ಪ್ರಾಯೋಗಿಕ’ ಎಂಬ ಒಂದೇ ಪದ ಸೇರಿಸಿ ಪತ್ರ ಬರೆದರು. ಪಟ್ಟಿಯಲ್ಲಿಲ್ಲದ ಪೈಪಿಗೂ ಒಪ್ಪಿಗೆ ಬಂತು. ಆ ಪದಕ್ಕೆ ಎಷ್ಟು ಬಲವಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಎಂಟು ದಿನ ಮಕ್ಕಳು ಹಿಡಿಕೆ ಮುಟ್ಟುವಂತಿಲ್ಲ ಎಂದು ಇಂಜಿನಿಯರ್ ಕಟ್ಟುನಿಟ್ಟಾಗಿ ಹೇಳಿದರು. ಬೆಳಿಗ್ಗೆ ಐನೂರು, ಸಂಜೆ ಐನೂರು ಹೊಡೆತ ನಾನು ಮತ್ತು ಸಹಾಯಕ ಹೊಡೆಯಬೇಕು. ಪ್ರತಿದಿನ ಮೇಲಿನ ಮುಚ್ಚಳ ತೆಗೆದು ಜೋಡಣೆ ಸರಿದಿದೆಯೇ ಎಂದು ಗುರುತು ನೋಡಬೇಕು. ಬಂದ ನೀರನ್ನು ಕೆಳಗೆ ನಲ್ಲಿ ಕೂರಿಸಿದ ಎರಡು ಡ್ರಮ್ಮಿಗೆ ತುಂಬಿ ಮಕ್ಕಳಿಗೆ ಇಟ್ಟೆವು. ಆ ಎಂಟು ದಿನ ನಾನು ಬೇರೆ ಕೆಲಸಗಳನ್ನು ಹೇಗೆ ಹೊಂದಿಸಿದೆನೋ ದೇವರೇ ಬಲ್ಲ. ನಾನು ಸೀಮೆಸುಣ್ಣದಲ್ಲಿ ಎಳೆದ ಗೆರೆ ಕೊನೆಯ ದಿನದವರೆಗೂ ಒಂದು ಕೂದಲಷ್ಟೂ ಆಚೀಚೆ ಆಗಿರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಹಿಡಿಕೆಯನ್ನು ಮಕ್ಕಳಿಗೆ ಬಿಡಬೇಕು. ಆ ತಾಯಿ ಮಗಳ ಕೈ ಹಿಡಿದು ಗೇಟಿನ ಬಳಿ ನಿಂತಿದ್ದಳು. ಬರಬೇಕೆಂದು ನಾನೇ ಹೇಳಿ ಕಳಿಸಿದ್ದೆ. ಪಂಪಿನ ತಲೆ ಬಿಚ್ಚಿ ಹೊಸ ತುಂಡನ್ನೂ ತಂತಿಹಗ್ಗವನ್ನೂ ತೋರಿಸಿದೆ. ಮೊದಲು ಕಳಚಿದ್ದ ತುಂಡನ್ನೂ ಪಕ್ಕದಲ್ಲಿಟ್ಟು, ಇದು ಯಾಕೆ ಕಳಚಿತು, ತಪ್ಪು ಯಾರದು ಎಂದು ಹೇಳಿದೆ. ಅವಳು ಕಳಚಿದ್ದ ತುಂಡನ್ನು ಕೈಯಲ್ಲಿ ತೂಗಿ ನೋಡಿದಳು, ಹೊಸದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ನಾವು ತಲೆ ಕೂರಿಸಿದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಹಿಡಿಕೆ ಹಿಡಿದಳು. ಮೆಲ್ಲಗೆ ಅಲ್ಲ, ಸೌದೆ ಒಡೆಯುವ ಹಾಗೆ, ಇಡೀ ಮೈಭಾರ ಹಾಕಿ ಹೊಡೆದಳು. ನೀರು ಧಾರೆಧಾರೆಯಾಗಿ ಬಿದ್ದು ಕಟ್ಟೆಯೆಲ್ಲ ಒದ್ದೆಯಾಯಿತು. ಯಾರೂ ಎಣಿಸಲಿಲ್ಲ. ಉಸಿರು ಹತ್ತಿದ ಮೇಲೆ ನಿಲ್ಲಿಸಿದಳು.

“ಬಾ ಮಗ, ಕುಡಿ,” ಎಂದಳು. ಮಗಳು ಬೊಗಸೆಯೊಡ್ಡಿದಳು. ಹೊಲಿಗೆ ಬಿಚ್ಚಿದ ತುಟಿಗೆ ನೀರು ತಣ್ಣಗೆ ತಾಗಿರಬೇಕು, ಮುಖ ಕಿವುಚಿ ನಕ್ಕಳು. ಮಗಳ ಬಳಿಕ ತಾಯಿಯೂ ಕುಡಿದಳು. ಹೋಗುವಾಗ ನನಗೆ, “ನೀವೂ ಒಂದ್ ಗುಟುಕು ಕುಡೀರಿ,” ಎಂದಳಷ್ಟೆ.

ನೋಟೀಸಿನ ವಿಷಯ ಎಚ್ಚರಿಕೆಯಲ್ಲಿ ಮುಗಿಯಿತು. ಬೇಸಿಗೆಯ ಹೊತ್ತಿಗೆ ಶೃಂಗೇರಿ ಕಡೆಯ ಮೆಕ್ಯಾನಿಕ್ ಬಂದು ನೋಡಿಕೊಂಡು ಹೋದ. ಅಡ್ಡಗದ್ದೆ, ಬೇಗಾರ್ ಕಡೆಗಳಲ್ಲೂ ಕೆಂಪು ನೀರಿನ ಪಂಪುಗಳಿದ್ದವು. ಅವನ ಜೊತೆ ಹೋಗಿ ಎರಡು ಕಡೆ ಪೈಪು ಇಳಿಸಿ ಕೊಟ್ಟೆ. ಪ್ರತಿ ಸಲವೂ ಮೊದಲು ಅಳತೆ ಪಟ್ಟಿ ತೆಗೆಯುತ್ತಿದ್ದೆ. ಅವನಿಗೆ ಅದು ನನ್ನ ಚಟದಂತೆ ಕಂಡಿರಬೇಕು.

ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಒಮ್ಮೆ ಆ ಶಾಲೆಗೆ ತಪಾಸಣೆಗೆ ಹೋದೆ. ಟೀಚರ್ ನನ್ನನ್ನು ನೋಡಿದ ಕೂಡಲೇ ದೂರು ಹೇಳಿದರು.

“ನಿಮ್ಮಿಂದ ಪಾಠ ಮಾಡೂದೇ ಕಷ್ಟ ಆಗಿದೆ ಮಾರಾಯ್ರೆ. ಹೊಟ್ಟೆ ತುಂಬ ನೀರು ಕುಡಿದು ಬಂದು ಕೂರ್ತಾವೆ. ಹತ್ತು ನಿಮಿಷಕ್ಕೊಂದು ಕೈ ಮೇಲೆ. ‘ಒಂದಕ್ಕೆ ಹೋಗ್ಲಾ ಟೀಚರ್’, ‘ಒಂದಕ್ಕೆ ಹೋಗ್ಲಾ ಟೀಚರ್’. ಗಂಡುಮಕ್ಕಳು ಬೇಲಿ ಬದಿಗೆ ಹೋಗ್ತಾವೆ. ಹೆಣ್ಣುಮಕ್ಕಳು ಎಲ್ಲಿ ಹೋಗ್ಬೇಕು? ಇರೂದೊಂದು, ಅದಕ್ಕೂ ಬಾಗಿಲಿಲ್ಲ.”

“ಅರ್ಜಿ ಬರೆದ್ರಾ?”

“ಇವತ್ತೇ ಬರೀತಿದ್ದೇನೆ. ಇನ್ನೆರಡು ಬೇಕು. ಎಲ್ಲಿ ಕಟ್ಟಿಸೂದು ಅಂತ ಅಧ್ಯಕ್ಷರು ಕೇಳ್ತಿದ್ರು. ಪಂಪಿನ ಹತ್ರ ಆದ್ರೆ ನೀರಿಗೆ ಅನುಕೂಲ ಅಂತಿದ್ರು.”

“ಅಯ್ಯೋ, ಅದು ಮಾತ್ರ ಬೇಡ ಟೀಚರ್! ಗುಂಡಿಯ ಕೊಳಕು ಪಂಪಿನ ನೀರಿಗೆ ಇಳೀತದೆ.”

ಶೌಚಾಲಯ ನಮ್ಮ ಕೆಲಸವಲ್ಲ, ಅದಕ್ಕೆ ಬೇರೆ ವಿಭಾಗ. ಆದರೂ ಉದ್ದದ ಟೇಪು ತೆಗೆದು ಒಂದು ತುದಿಯನ್ನು ಪಂಪಿನ ಕಟ್ಟೆಯ ಮೇಲೆ ಟೀಚರ್ ಕೈಗೆ ಕೊಟ್ಟೆ. ಇನ್ನೊಂದು ತುದಿ ಹಿಡಿದು ಇಳಿಜಾರಿನ ಕಡೆ ನಡೆದೆ. ಐವತ್ತು ಅಡಿಗೆ ನಿಂತೆ. ಸಾಲದೆನಿಸಿತು. ಇನ್ನೂ ಹತ್ತಡಿ ಕೆಳಗೆ ಹೋಗಿ ಹಿಮ್ಮಡಿಯಲ್ಲಿ ನೆಲ ಗೀರಿ, “ಇಲ್ಲಿಂದಾಚೆ ಎಲ್ಲಿ ಬೇಕಾದ್ರೂ ಕಟ್ಸಿ,” ಎಂದು ಕೂಗಿ ಹೇಳಿದೆ.